ಕೆರೆ ಮೀನಿಗೆ ಗಾಳ ಕಟ್ಟುವುದು ಹೇಗೆ? ಹೊಸಬರಿಗೆ ಮೂರು ಕಟ್ಟು, ಒಂದೇ ಗಂಟು

ಗಾಳ ಹಿಡಿಯಲು ಶುರು ಮಾಡಿದವರು ಹೇಳುವ ದೂರು ಹೆಚ್ಚುಕಮ್ಮಿ ಒಂದೇ. "ಬೆಂಡು ಅಲ್ಲಾಡುತ್ತೆ, ಎತ್ತಿ ನೋಡಿದರೆ ಹುಳ ಇರಲ್ಲ." "ಮೀನು ಸಿಕ್ಕಿತ್ತು, ದಾರ ಕಿತ್ಕೊಂಡು ಹೋಯ್ತು." ಆಮೇಲೆ ಜಾಗ ಬದಲಾಯಿಸುತ್ತಾರೆ, ಎರೆ ಬದಲಾಯಿಸುತ್ತಾರೆ, ಕೊನೆಗೆ ಕೋಲನ್ನೇ ಬದಲಾಯಿಸುತ್ತಾರೆ. ಅವರ ದಾರದ ತುದಿಯ ಒಂದು ಮೀಟರನ್ನು ಕೈಗೆ ತೆಗೆದುಕೊಂಡು ನೋಡಿ. ದಪ್ಪ ದಾರ, ದೊಡ್ಡ ಗಾಳ, ಬೇಕಾದ್ದಕ್ಕಿಂತ ಎರಡು ಪಟ್ಟು ಸೀಸ, ಅದೂ ಹಿಂದುಮುಂದಾಗಿ ಪೋಣಿಸಿರುತ್ತಾರೆ.

ನಾನೂ ಹೀಗೇ ಶುರು ಮಾಡಿದವನು. ಪೇಟೆಯ ಒಂದು ಅಂಗಡಿಯಲ್ಲಿ "ದೊಡ್ಡ ಮೀನಿಗೆ ಇದೇ ಬೇಕು" ಅಂತ ಕೊಟ್ಟ 0.50 ಮಿ.ಮೀ. ದಾರ ಮತ್ತು ಹೆಬ್ಬೆರಳಿನಷ್ಟು ದೊಡ್ಡ ಗಾಳ ಹಿಡಿದು ಒಂದು ಬೇಸಿಗೆ ಪೂರ್ತಿ ಕೆರೆ ಏರಿ ಮೇಲೆ ಕೂತೆ. ಪಕ್ಕದಲ್ಲೇ ಜೋಳದ ದಂಟಿನ ಬೆಂಡು ಕಟ್ಟಿಕೊಂಡ ಹುಡುಗನೊಬ್ಬ ಜಿಲೇಬಿ ಮೀನು ಎತ್ತೆತ್ತಿ ಹಾಕುತ್ತಿದ್ದ. ಅವನ ಗಾಳ ನನ್ನ ಗಾಳದ ಕಾಲು ಭಾಗವೂ ಇರಲಿಲ್ಲ. ಎರೆ ಬಾಯಿಗೆ ತೆಗೆದುಕೊಂಡ ಮೀನಿಗೆ ಭಾರ ಗೊತ್ತಾದರೆ ಅದು ಉಗುಳಿಬಿಡುತ್ತದೆ. ಕೆಳಗೆ ಹೇಳಿರುವ ಪ್ರತಿ ಹಂತದ ಹಿಂದೆಯೂ ಇದೇ ಲೆಕ್ಕ ಇದೆ.

ಗಾಳದವರು ರಿಗ್ ಅನ್ನುವುದನ್ನು ಇಲ್ಲಿ "ಕಟ್ಟು" ಎಂದು ಕರೆಯುತ್ತೇನೆ. ದಾರ, ಬೆಂಡು, ಸೀಸ, ಮಣಿ, ಗಾಳ ಇವೆಲ್ಲ ಒಂದು ಕ್ರಮದಲ್ಲಿ ಸೇರಿದರೆ ಅದು ಒಂದು ಕಟ್ಟು.

## ಮೊದಲು: ಇಲ್ಲಿ ಗಾಳ ಹಾಕಬಹುದಾ?

ಕರ್ನಾಟಕದ ಬಹಳಷ್ಟು ಕೆರೆಗಳ ಮೀನು ಪಾಶುವಾರು ಹಕ್ಕು ಗುತ್ತಿಗೆದಾರರ ಅಥವಾ ಮೀನುಗಾರರ ಸಹಕಾರ ಸಂಘದ ಕೈಯಲ್ಲಿರುತ್ತದೆ. ಅವರು ದುಡ್ಡು ಕೊಟ್ಟು ಮರಿ ಬಿಟ್ಟಿರುತ್ತಾರೆ. ಕೇಳದೆ ಗಾಳ ಹಾಕಿದರೆ ಜಗಳ ಖಂಡಿತ. ಊರಿನಲ್ಲಿ ಅಥವಾ ಪಂಚಾಯಿತಿಯಲ್ಲಿ ವಿಚಾರಿಸಿ. ಜಲಾಶಯವಾದರೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಪರವಾನಗಿ ಕೇಳಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿನ ನೀರಿನ ತಂಟೆ ಬೇಡ. ಶೃಂಗೇರಿ, ಶಿಶಿಲ, ರಾಮನಾಥಪುರದಂಥ ಕಡೆ ಹೊಳೆಯ ಮೀನು ದೇವರ ಮೀನು, ಅಲ್ಲಿ ಕೋಲು ಹಿಡಿದು ಇಳಿಯುವ ಮಾತೇ ಇಲ್ಲ.

## ಹಂತ 1: ಸಾಮಾನು ಜೋಡಿಸಿಕೊಳ್ಳಿ

ಶುರುವಿಗೆ ಇಷ್ಟು ಸಾಕು:

- 6ರಿಂದ 7 ಅಡಿಯ ಮಧ್ಯಮ ಗಡಸಿನ ಕೋಲು, 2500 ಅಥವಾ 3000 ಅಳತೆಯ ಸ್ಪಿನ್ನಿಂಗ್ ರೀಲು
- ಮುಖ್ಯ ದಾರಕ್ಕೆ 0.28 ಅಥವಾ 0.30 ಮಿ.ಮೀ. ನೈಲಾನ್ ಮೊನೊ ದಾರ
- ಲೀಡರಿಗೆ, ಅಂದರೆ ಗಾಳದ ಪಕ್ಕದ ತುಂಡಿಗೆ, 0.22 ಅಥವಾ 0.25 ಮಿ.ಮೀ. ದಾರ
- 10, 8, 6, 4 ನಂಬರಿನ ಗಾಳಗಳು
- ಸೀಳಿರುವ ಸಣ್ಣ ಸೀಸದ ಗುಂಡುಗಳು, ನಡುವೆ ತೂತಿರುವ 5, 10, 20 ಗ್ರಾಮಿನ ಸೀಸ
- ಎರಡು ಥರದ ಬೆಂಡು, ಸಣ್ಣ ಮಣಿಗಳು, ಸ್ವಿವೆಲ್ ಅನ್ನುವ ತಿರುಗುವ ಕೊಂಡಿಗಳು
- ಉಗುರು ಕಟರ್, ಮೂತಿ ಉದ್ದದ ಇಕ್ಕಳ, ಒದ್ದೆ ಬಟ್ಟೆ

ಗಾಳದ ನಂಬರಿನಲ್ಲಿ ಎಲ್ಲರೂ ಎಡವುತ್ತಾರೆ. ನಂಬರ್ ಜಾಸ್ತಿಯಾದಷ್ಟೂ ಗಾಳ ಚಿಕ್ಕದು. 10 ಚಿಕ್ಕದು, 4 ಅದಕ್ಕಿಂತ ದೊಡ್ಡದು, 1 ಇನ್ನೂ ದೊಡ್ಡದು. ಅಲ್ಲಿಂದ ಮುಂದೆ ಲೆಕ್ಕ ತಿರುಗುತ್ತದೆ: 1/0, 2/0, 3/0 ಅಂತ ದೊಡ್ಡದಾಗುತ್ತಾ ಹೋಗುತ್ತದೆ. "2 ನಂಬರ್ ಕೊಡಿ" ಅಂತ ಕೇಳಿ 2/0 ತಂದವರು ಎಷ್ಟೋ ಜನ. ಜಿಲೇಬಿಗೆ 10 ಅಥವಾ 8 ಸಾಕು. ರೋಹು, ಮೃಗಾಲ್, ಸಾಮಾನ್ಯ ಗೆಂಡೆಗೆ 6 ಅಥವಾ 4.

ಲೀಡರ್ ಯಾಕೆ ತೆಳ್ಳಗಿರಬೇಕು? ಗಾಳ ತಳದ ಜಾಲಿ ಬೊಡ್ಡೆಗೆ ಸಿಕ್ಕಿಕೊಂಡಾಗ ತೆಳ್ಳಗಿನ ತುಂಡು ಮಾತ್ರ ಕಿತ್ತು ಬರಲಿ, ಬೆಂಡು, ಸೀಸ ಎಲ್ಲ ಉಳಿಯಲಿ ಅಂತ. ಎರಡೂ ಒಂದೇ ದಪ್ಪವಾದರೆ ಪ್ರತಿ ಸಲ ಇಡೀ ಕಟ್ಟೇ ಕೆರೆ ಪಾಲು.

ರೀಲು ಕೊಳ್ಳುವಷ್ಟು ದುಡ್ಡು ಸದ್ಯಕ್ಕೆ ಇಲ್ಲದಿದ್ದರೆ 10–12 ಅಡಿಯ ನೇರ ಬಿದಿರು ಕೋಲು ತಗೊಳ್ಳಿ. ತುದಿಗೆ ಕೋಲಿನಷ್ಟೇ ಉದ್ದದ ದಾರ ಕಟ್ಟಿ. ಹಂತ 2 ಬಿಟ್ಟು ಮುಂದೆ ಹೋಗಬಹುದು. ಮೊದಲನೇ ಕಟ್ಟಿಗೆ ಬಿದಿರೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಎಸೆಯುವ ತಾಪತ್ರಯ ಇಲ್ಲ, ದಾರ ಗೋಜಲಾಗುವುದೂ ಇಲ್ಲ.

ಸ್ಪ್ರಿಂಗಿನ ಸುತ್ತ ನಾಲ್ಕೈದು ಗಾಳ ನೇತುಬಿಟ್ಟ, ಹಿಟ್ಟು ಮೆತ್ತುವ ಗಾಳವನ್ನೂ ಅಂಗಡಿಯವರು ತೋರಿಸುತ್ತಾರೆ. ಈಗಲೇ ಬೇಡ. ಒಂದು ಗಾಳ ಮೀನಿನ ಬಾಯಲ್ಲಿದ್ದರೆ ಉಳಿದ ನಾಲ್ಕು ಅದನ್ನು ಬಿಡಿಸುವವನ ಬೆರಳಿಗೆ ಕಾಯುತ್ತಿರುತ್ತವೆ.

## ಹಂತ 2: ರೀಲಿಗೆ ದಾರ ತುಂಬಿ

ಎಸೆದಾಗ ದಾರ ಗೊಂಚಲು ಗೊಂಚಲಾಗಿ ಬೀಳುವುದಕ್ಕೆ ಕಾರಣ ಎಸೆಯುವ ಕೈಯಲ್ಲ. ದಾರ ತುಂಬುವಾಗಲೇ ಅದು ಮುರಿ ತಿಂದಿರುತ್ತದೆ.

ಮೊದಲು ದಾರದ ತುದಿಯನ್ನು ಕೋಲಿನ ಕೆಳಗಿನ ಉಂಗುರದಲ್ಲಿ ತೂರಿಸಿ ರೀಲಿನ ಕಡೆಗೆ ತನ್ನಿ. ಆಮೇಲೆ ಬೇಲ್ ಅನ್ನುವ ತಂತಿ ಕಮಾನನ್ನು ತೆರೆಯಿರಿ. ತೆರೆದ ಮೇಲೆಯೇ ಸ್ಪೂಲಿಗೆ, ಅಂದರೆ ರೀಲಿನಲ್ಲಿ ದಾರ ಸುತ್ತಿಕೊಳ್ಳುವ ಭಾಗಕ್ಕೆ, ದಾರ ಕಟ್ಟಬೇಕು. ಕಮಾನು ಮುಚ್ಚಿಟ್ಟು ಕಟ್ಟಿದರೆ ಹಿಡಿ ತಿರುಗುತ್ತದೆ, ದಾರ ಮಾತ್ರ ಸುತ್ತುವುದಿಲ್ಲ. ರೀಲು ಕೆಟ್ಟಿದೆ ಅಂತ ವಾಪಸ್ ಕೊಡಲು ಹೋದವರನ್ನು ನೋಡಿದ್ದೇನೆ.

ಹೊಸ ದಾರದ ಉರುಳೆಯನ್ನು ಚೀಟಿ ಮೇಲೆ ಬರುವಂತೆ ನೆಲದ ಮೇಲೆ ಮಲಗಿಸಿ. ಒದ್ದೆ ಬಟ್ಟೆಯಲ್ಲಿ ದಾರವನ್ನು ಹಿಡಿದು, ಸ್ವಲ್ಪ ಬಿಗಿ ಇಟ್ಟು 20 ಸುತ್ತು ಸುತ್ತಿ. ನಿಲ್ಲಿಸಿ. ಕೋಲನ್ನು ಉರುಳೆಯ ಹತ್ತಿರ ತಂದು ದಾರ ಸಡಿಲ ಬಿಡಿ. ಸಡಿಲ ದಾರ ತನ್ನಷ್ಟಕ್ಕೇ ಸುರುಳಿ ಸುತ್ತಿಕೊಂಡರೆ ಉರುಳೆಯನ್ನು ಬೋರಲು ಹಾಕಿ ಮುಂದುವರಿಸಿ. ಸುಮ್ಮನೆ ಜೋತು ಬಿದ್ದರೆ ಸರಿ ಇದೆ.

ಸ್ಪೂಲಿನ ಅಂಚಿಗೆ 2–3 ಮಿ.ಮೀ. ಬಾಕಿ ಇರುವಾಗ ನಿಲ್ಲಿಸಿ. ಕಂಠಮಟ್ಟ ತುಂಬಿದರೆ ದಾರ ತಾನಾಗಿ ಉದುರುತ್ತದೆ. ತೀರಾ ಕಡಿಮೆಯಾದರೆ ಎಸೆತ ದೂರ ಹೋಗುವುದಿಲ್ಲ.

ಇನ್ನು ಡ್ರ್ಯಾಗ್. ಮೀನು ಜೋರಾಗಿ ಎಳೆದಾಗ ದಾರ ಕಿತ್ತುಹೋಗದೆ ರೀಲಿನಿಂದ ಬಿಟ್ಟುಕೊಳ್ಳಲಿ ಅಂತ ಇರುವ ತಿರುಪು ಅದು. ದಾರ ತಡೆಯುವ ಭಾರದ ಕಾಲು ಭಾಗಕ್ಕೆ ಇಡಬೇಕು. ತೂಕದ ಯಂತ್ರ ಬೇಡ. 1 ಲೀಟರ್ ನೀರಿನ ಬಾಟಲಿಯನ್ನು ದಾರಕ್ಕೆ ಕಟ್ಟಿ ಕೋಲಿನಿಂದ ಎತ್ತಿ ನೋಡಿ. ಬಾಟಲಿ ನೆಲ ಬಿಡುವ ಹೊತ್ತಿಗೆ ರೀಲು ಟಿಕ್ ಟಿಕ್ ಅಂತ ದಾರ ಬಿಡಲು ಶುರು ಮಾಡಬೇಕು. ಬಾಟಲಿ ಆರಾಮಾಗಿ ಮೇಲಕ್ಕೆ ಬಂದರೆ ತಿರುಪು ಸಡಿಲಿಸಿ.

## ಹಂತ 3: ಒಂದೇ ಗಂಟು ಕಲಿಯಿರಿ

ಗಂಟುಗಳ ವಿಡಿಯೊ ನೋಡಿ ಹತ್ತು ಕಲಿಯಲು ಹೋಗಿ ಒಂದೂ ಕೈಗೆ ಬರದೆ ಇರುವುದಕ್ಕಿಂತ ಯೂನಿ ಗಂಟು ಒಂದನ್ನೇ ಕಲಿಯಿರಿ. ಗಾಳಕ್ಕೂ ಅದೇ, ಸ್ವಿವೆಲ್‌ಗೂ ಅದೇ, ರೀಲಿನ ಸ್ಪೂಲಿಗೂ ಅದೇ. ಮೊದಲ ಸಲ ಗಾಳದ ದಾರ ಬೇಡ, ಗುಂಡಗಿನ ಶೂ ಲೇಸು ಮತ್ತು ಬಕೆಟ್ಟಿನ ಹಿಡಿಯ ಮೇಲೆ ಅಭ್ಯಾಸ ಮಾಡಿ.

1. ದಾರದ ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ 15 ಸೆಂ.ಮೀ. ಹೊರಗೆಳೆಯಿರಿ. ಅದನ್ನು ಮುಖ್ಯ ದಾರದ ಪಕ್ಕಕ್ಕೇ ಹಿಂದಕ್ಕೆ ತನ್ನಿ. ಈಗ ಎರಡು ಎಳೆ ಅಕ್ಕಪಕ್ಕ ಇವೆ.
2. ತುದಿಯನ್ನು ಮತ್ತೆ ಗಾಳದ ಕಡೆಗೆ ಬಾಗಿಸಿ. ಎರಡು ಎಳೆಗಳ ಪಕ್ಕದಲ್ಲಿ ಒಂದು ಕುಣಿಕೆ ಆಗುತ್ತದೆ.
3. ತುದಿಯನ್ನು ಕುಣಿಕೆಯೊಳಗೆ ತೂರಿಸುತ್ತಾ, ಎರಡು ಎಳೆಗಳನ್ನೂ ಸೇರಿಸಿ 5 ಸುತ್ತು ಸುತ್ತಿ.
4. ಎಂಜಲು ಹಚ್ಚಿ ತುದಿಯನ್ನು ನಿಧಾನವಾಗಿ ಎಳೆಯಿರಿ. ಸುತ್ತುಗಳು ಸ್ಪ್ರಿಂಗಿನ ಹಾಗೆ ಒಂದರ ಪಕ್ಕ ಒಂದು ಕೂರಬೇಕು.
5. ಈಗ ಮುಖ್ಯ ದಾರವನ್ನು ಎಳೆದು ಗಂಟನ್ನು ಕಣ್ಣಿನವರೆಗೆ ಜಾರಿಸಿ. 3 ಮಿ.ಮೀ. ಬಾಲ ಬಿಟ್ಟು ಕತ್ತರಿಸಿ.

ಎಂಜಲು ಹಚ್ಚುವುದು ಶಾಸ್ತ್ರಕ್ಕಲ್ಲ. ಒಣ ನೈಲಾನ್ ಬಿಗಿಯುವಾಗ ಉಜ್ಜಿ ಬಿಸಿಯಾಗುತ್ತದೆ, ಆ ಬಿಸಿಗೆ ದಾರದ ಬಲ ಕುಗ್ಗುತ್ತದೆ. ಗಂಟಿನ ಹತ್ತಿರ ದಾರ ಗುಂಗುರು ಗುಂಗುರಾಗಿ, ಬೆಳ್ಳಗೆ ಕಾಣಿಸಿದರೆ ಅದು ಸುಟ್ಟ ಗುರುತು. ಕತ್ತರಿಸಿ ಮತ್ತೆ ಕಟ್ಟಿ. ಸುತ್ತುಗಳು ಒಂದರ ಮೇಲೊಂದು ಹತ್ತಿ ಕೂತಿದ್ದರೂ ಹಾಗೇ ಮಾಡಿ. "ಪರವಾಗಿಲ್ಲ, ನಡೆಯುತ್ತೆ" ಅಂತ ಬಿಟ್ಟ ಗಂಟೇ ದೊಡ್ಡ ಮೀನು ಬಂದಾಗ ಕೈಕೊಡುವುದು.

ಕಟ್ಟಿದ ಮೇಲೆ ಗಾಳವನ್ನು ಇಕ್ಕಳದಲ್ಲಿ ಹಿಡಿದು, ದಾರವನ್ನು ಬಟ್ಟೆ ಸುತ್ತಿದ ಕೈಯಿಂದ ಒಂದೇ ಸಮ ಎಳೆದು ನೋಡಿ. ಜಗ್ಗಬೇಡಿ, ಎಳೆಯಿರಿ.

## ಹಂತ 4: ಯಾವ ಮೀನಿಗೆ ಯಾವ ಕಟ್ಟು?

ಮೀನಿನ ಬಾಯಿ ನೋಡಿದರೆ ಗೊತ್ತಾಗುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖ. ಅದು ನೀರಿನ ಮೇಲ್ಭಾಗದಲ್ಲಿ ಮೇಯುವ ಮೀನು. ರೋಹು ನಡು ನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆಯ ಬಾಯಿ ಕೆಳಮುಖ, ಅವು ತಳದ ಕೆಸರು ಕೆದಕುತ್ತವೆ. ಜಿಲೇಬಿ ದಡದ ಹತ್ತಿರವೇ, ಮೊಣಕಾಲುದ್ದ ನೀರಿನಲ್ಲೂ ಸಿಗುತ್ತದೆ.

ಹಾಗಾಗಿ ದಡದ ಜಿಲೇಬಿಗೆ ಬೆಂಡಿನ ಕಟ್ಟು, ಆಳದಲ್ಲಿ ನಡು ನೀರಿಗೆ ಜಾರು ಬೆಂಡಿನ ಕಟ್ಟು, ತಳಕ್ಕೆ ಜಾರು ಸೀಸದ ಕಟ್ಟು. ಇದೇ ಕ್ರಮದಲ್ಲಿ ಕಲಿಯಿರಿ. ಮೊದಲ ತಿಂಗಳು ಜಿಲೇಬಿ ಬಿಟ್ಟು ಬೇರೆ ಯೋಚನೆ ಬೇಡ.

## ಹಂತ 5: ಬೆಂಡಿನ ಕಟ್ಟು

ಕೋಲಿನ ಕಡೆಯಿಂದ ಕ್ರಮ ಹೀಗೆ: ದಾರ, ಬೆಂಡು, ಸೀಸದ ಗುಂಡು, ಗಾಳ.

ಬೆಂಡನ್ನು ಮೊದಲು ಪೋಣಿಸಿ, ಗಾಳವನ್ನು ಕೊನೆಯಲ್ಲಿ ಕಟ್ಟಿ. ಗಾಳ ಕಟ್ಟಿದ ಮೇಲೆ "ಅಯ್ಯೋ, ಬೆಂಡು ಮರೆತೆ" ಅನ್ನುವುದು ಮಾಮೂಲಿ. ಇಲ್ಲಿ ಲೀಡರ್ ಬೇಡ, 0.22 ಮಿ.ಮೀ. ದಾರವನ್ನೇ ಪೂರ್ತಿ ಬಳಸಬಹುದು. ಬೆಂಡು ಅಂಗಡಿಯದೇ ಆಗಬೇಕೆಂದಿಲ್ಲ. ಒಣಗಿದ ಜೋಳದ ದಂಟಿನ ಸಿಪ್ಪೆ ತೆಗೆದು, ಕಿರುಬೆರಳಿನಷ್ಟು ಉದ್ದದ ತಿರುಳು ಕತ್ತರಿಸಿ, ದಾರವನ್ನು ಒಂದು ಸುತ್ತು ಬಿಗಿದರೆ ಅದೇ ಬೆಂಡು. ಒಂದು ದಿನಕ್ಕೆ ಆಗುತ್ತದೆ, ಆಮೇಲೆ ನೀರು ಕುಡಿದು ಮುಳುಗುತ್ತದೆ.

ಮುಖ್ಯ ಗುಂಡುಗಳನ್ನು ಗಾಳದಿಂದ 20–25 ಸೆಂ.ಮೀ. ಮೇಲೆ ಹಿಡಿಸಿ. ಒಂದು ತೀರಾ ಸಣ್ಣ ಗುಂಡನ್ನು 10 ಸೆಂ.ಮೀ. ಮೇಲೆ ಹಾಕಿ. ಸೀಳನ್ನು ಇಕ್ಕಳದಿಂದ ಮೆಲ್ಲಗೆ ಒತ್ತಿ. ಹಲ್ಲಿನಿಂದ ಕಚ್ಚಿ ಮುಚ್ಚುವ ಅಭ್ಯಾಸ ಹಳಬರಲ್ಲೂ ಇದೆ. ಸೀಸ ವಿಷ, ಬಾಯಿಗೆ ಹಾಕಬೇಡಿ. ಸೀಸ ಮುಟ್ಟಿದ ಕೈಯಲ್ಲಿ ಬುತ್ತಿ ಬಿಚ್ಚಬೇಡಿ.

ಇನ್ನು ನಿಜವಾದ ಕೆಲಸ. ಇದನ್ನು ಮನೆಯಲ್ಲೇ ಮಾಡಿ ಮುಗಿಸಿ.

ಬಕೆಟ್ ತುಂಬ ನೀರು ಇಟ್ಟುಕೊಳ್ಳಿ. ಬೆಂಡು, ಗುಂಡು, ಗಾಳ ಎಲ್ಲ ಇರುವ ಕಟ್ಟನ್ನು ಅದರಲ್ಲಿ ಬಿಡಿ. ಗಾಳಕ್ಕೆ ಒಂದು ಸಣ್ಣ ಹುಳವೋ ಹಿಟ್ಟಿನ ಉಂಡೆಯೋ ಇರಲಿ, ಯಾಕಂದರೆ ಅದಕ್ಕೂ ತೂಕ ಇದೆ. ಬಕೆಟ್ ಆಳ ಸಾಲದಿದ್ದರೆ ಬೆಂಡನ್ನು ಗುಂಡುಗಳ ಹತ್ತಿರಕ್ಕೆ ಇಳಿಸಿಕೊಳ್ಳಿ, ಸೀಸ ತಳ ಮುಟ್ಟಬಾರದು. ಬೆಂಡು ಅಡ್ಡ ಮಲಗಿದರೆ ಸೀಸ ಕಡಿಮೆ. ನೆಟ್ಟಗೆ ನಿಂತು ಅರ್ಧ ಮೇಲಿದ್ದರೆ ಇನ್ನೂ ಸಾಲದು. ಒಂದೊಂದೇ ಗುಂಡು ಸೇರಿಸಿ. ತುದಿಯ 1–2 ಸೆಂ.ಮೀ. ಮಾತ್ರ ನೀರಿನ ಮೇಲೆ ಕಾಣುವಾಗ ನಿಲ್ಲಿಸಿ. ಈಗ ಗಾಳವನ್ನು ಬೆರಳಿನಿಂದ ಸ್ವಲ್ಪ ಕೆಳಗೆಳೆದು ನೋಡಿ. ಬೆಂಡು ಏನೂ ತಡೆಯೊಡ್ಡದೆ ಮುಳುಗಬೇಕು. ಮೀನಿಗೆ ಗೊತ್ತಾಗುವುದೂ ಇಷ್ಟೇ ಭಾರ. ಅರ್ಧ ಮೇಲೆ ನಿಂತ ಬೆಂಡನ್ನೂ ಹಾಗೇ ಎಳೆದು ನೋಡಿ, ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಹುಳ ಮಾತ್ರ ಮಾಯವಾಗುವ ಕಥೆ ಅಲ್ಲೇ ಹುಟ್ಟುವುದು.

ಕೆರೆಯಲ್ಲಿ ಆಳ ನೋಡುವುದೂ ಸುಲಭ. ಗಾಳಕ್ಕೆ 10 ಗ್ರಾಮಿನ ಸೀಸ ಸಿಕ್ಕಿಸಿ ಬಿಡಿ. ಬೆಂಡು ಪೂರ್ತಿ ಮುಳುಗಿದರೆ ಅದನ್ನು ಮೇಲಕ್ಕೆ ಸರಿಸಿ. ಅಡ್ಡ ಮಲಗಿದರೆ ಕೆಳಕ್ಕೆ. ತುದಿ ಮಾತ್ರ ಕಂಡರೆ ಅದೇ ಆಳ. ಸೀಸ ತೆಗೆದು, ಬೆಂಡನ್ನು ನಾಲ್ಕು ಬೆರಳು ಕೆಳಗಿಳಿಸಿ. ಈಗ ಎರೆ ತಳಕ್ಕಿಂತ ಸ್ವಲ್ಪ ಮೇಲೆ ತೂಗುತ್ತದೆ.

## ಹಂತ 6: ಜಾರು ಬೆಂಡಿನ ಕಟ್ಟು

ನೀರು ಕೋಲಿಗಿಂತ ಆಳವಾದಾಗ ಕಟ್ಟಿದ ಬೆಂಡು ಕೆಲಸಕ್ಕೆ ಬರುವುದಿಲ್ಲ. 10 ಅಡಿ ದಾರ ನೇತುಬಿಟ್ಟು ಎಸೆಯುವುದು ಹೇಗೆ? ಆಗ ಬೆಂಡು ದಾರದ ಮೇಲೆ ಜಾರುವಂತೆ ಬಿಡಬೇಕು. ನೀರಿಗೆ ಬಿದ್ದ ಮೇಲೆ ಸೀಸ ದಾರವನ್ನು ಕೆಳಗೆಳೆಯುತ್ತದೆ, ನೀವು ಗುರುತು ಮಾಡಿದ ಜಾಗದಲ್ಲಿ ಬೆಂಡು ನಿಲ್ಲುತ್ತದೆ.

ರೀಲಿನ ಕಡೆಯಿಂದ ಕ್ರಮ: ತಡೆಗಂಟು, ಸಣ್ಣ ಮಣಿ, ಬೆಂಡು, ತೂತಿನ ಸೀಸ 5 ಗ್ರಾಂ, ಇನ್ನೊಂದು ಮಣಿ, ಸ್ವಿವೆಲ್, 30–40 ಸೆಂ.ಮೀ. ಲೀಡರ್, ಗಾಳ. ಸೀಸದ ತೂಕ ಬೆಂಡಿಗೆ ತಕ್ಕಂತೆ. ಇಲ್ಲೂ ಬಕೆಟ್ ಪರೀಕ್ಷೆ ಬಿಡಬೇಡಿ.

ತಡೆಗಂಟು ಅಂದರೆ 15 ಸೆಂ.ಮೀ. ಹೊಲಿಗೆ ದಾರವನ್ನು ಮುಖ್ಯ ದಾರದ ಮೇಲೆ ಅದೇ ಯೂನಿ ಗಂಟಿನಿಂದ ಬಿಗಿಯುವುದು. ಕೈಯಲ್ಲಿ ತಳ್ಳಿದರೆ ಸರಿಯಬೇಕು, ತಾನಾಗಿ ಸರಿಯಬಾರದು. ಬಾಲಗಳನ್ನು ಒಂದು ಸೆಂ.ಮೀ. ಉದ್ದ ಬಿಡಿ. ಮೋಟಾಗಿ ಕತ್ತರಿಸಿದರೆ ಕೋಲಿನ ಉಂಗುರಗಳಿಗೆ ತಗಲುತ್ತದೆ, ಉದ್ದವಿದ್ದರೆ ಬಾಗಿ ನುಸುಳುತ್ತದೆ.

ಈ ಕಟ್ಟು ಕೆಡುವುದು ಮಣಿಯಿಂದ. ಮಣಿಯ ತೂತು ತಡೆಗಂಟಿಗಿಂತ ಚಿಕ್ಕದಿರಬೇಕು. ಬೆಂಡು ಆಳದ ಗುರುತು ದಾಟಿ ಓಡುತ್ತಿದ್ದರೆ ಮಣಿ ಬದಲಿಸಿ. ಬೆಂಡು ಅಡ್ಡ ಮಲಗೇ ಇದ್ದರೆ ಎರಡು ಕಾರಣ: ಸೀಸ ತಳದಲ್ಲಿ ಕೂತಿದೆ, ಇಲ್ಲವೇ ದಾರ ಬೆಂಡಿನೊಳಗೆ ಜಾರುತ್ತಿಲ್ಲ. ತಡೆಗಂಟನ್ನು ಒಂದು ಅಡಿ ಕೆಳಗೆ ತಂದು ನೋಡಿ. ಆಗಲೂ ಏಳದಿದ್ದರೆ ಎರಡನೆಯದು.

## ಹಂತ 7: ತಳದ ಜಾರು ಸೀಸದ ಕಟ್ಟು

ರೀಲಿನ ಕಡೆಯಿಂದ: ತೂತಿನ ಸೀಸ 10 ಅಥವಾ 20 ಗ್ರಾಂ, ಮಣಿ, ಸ್ವಿವೆಲ್, 40 ಸೆಂ.ಮೀ. ಲೀಡರ್, ಗಾಳ.

ಮಣಿ ಅಲಂಕಾರಕ್ಕಲ್ಲ. ಸೀಸ ನೇರವಾಗಿ ಗಂಟಿಗೆ ಬಡಿದು ಬಡಿದು ಗಂಟನ್ನು ಹಾಳು ಮಾಡದಂತೆ ಅದು ತಡೆಯುತ್ತದೆ. ಸ್ವಿವೆಲ್ ಇರುವುದು ಸೀಸ ಗಾಳದ ಹತ್ತಿರ ಇಳಿಯದಿರಲಿ, ದಾರ ಮುರಿ ತಿನ್ನದಿರಲಿ ಅಂತ.

ಕಟ್ಟಿದ ಮೇಲೆ ಸೀಸವನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಲೀಡರ್ ಎಳೆಯಿರಿ. ಸೀಸ ಅಲ್ಲಾಡದೆ ದಾರ ಮಾತ್ರ ಅದರೊಳಗೆ ಜಾರಬೇಕು. ಗೆಂಡೆ ಎರೆ ಕಚ್ಚಿಕೊಂಡು ನಾಲ್ಕು ಅಡಿ ಹೋದರೂ ಅದಕ್ಕೆ ಸೀಸ ತಿಳಿಯಬಾರದು. ಕೆಲವರು ಸೀಸವನ್ನು ಸ್ವಿವೆಲ್‌ಗೇ ಕಟ್ಟಿಬಿಡುತ್ತಾರೆ. ಜಾರು ಸೀಸದ ಉಪಯೋಗವೆಲ್ಲ ಅಲ್ಲಿಗೆ ಮುಗಿಯಿತು.

ನಮ್ಮ ಕೆರೆಗಳಲ್ಲಿ ಇನ್ನೊಂದು ತೊಂದರೆ ಹೂಳು. 20 ಗ್ರಾಮಿನ ಸೀಸ ಮೊಣಕೈಯಷ್ಟು ಕೆಸರಿನೊಳಗೆ ಇಳಿದು ಎರೆಯನ್ನೂ ಎಳೆದುಕೊಂಡು ಹೋಗುತ್ತದೆ. ಎತ್ತಿದಾಗ ಸೀಸಕ್ಕೆ ಕಪ್ಪು ಕೆಸರು ಮೆತ್ತಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಮೀನು ಮೇಯುವುದಿಲ್ಲ, ಜಾಗ ಬದಲಿಸಿ. ಕೆಸರಿದ್ದರೂ ವಾಸನೆ ಇಲ್ಲದಿದ್ದರೆ 10 ಗ್ರಾಮಿಗೆ ಇಳಿಯಿರಿ, ಲೀಡರನ್ನು 60 ಸೆಂ.ಮೀ. ಮಾಡಿ. ತೂಬಿನ ಬಳಿ, ಏರಿಯ ಕಲ್ಲು ಕಟ್ಟಣೆಯ ಬುಡದಲ್ಲಿ ತಳ ಸಾಮಾನ್ಯವಾಗಿ ಗಟ್ಟಿ.

ಎಸೆದ ಮೇಲೆ ಸಡಿಲ ದಾರ ಸುತ್ತಿಕೊಂಡು ಕೋಲನ್ನು ಕವೆಗೋಲಿನ ಮೇಲಿಡಿ. ಡ್ರ್ಯಾಗ್ ಸಡಿಲಿಸಿ. ಇದನ್ನು ಮರೆತು ಟೀ ಕುಡಿಯಲು ಹೋದವರ ಕೋಲು ಕೆರೆಯೊಳಗೆ ಹೋಗಿದೆ. ನನ್ನದೂ ಒಂದು ಹೋಗಿದೆ. ಕೋಲಿನ ತುದಿಗೆ ಒಂದು ಗೆಜ್ಜೆ ಕಟ್ಟಿ, ಅದರ ಮುಂದೆ ಬ್ಯಾಟರಿ ಹಾಕುವ ಅಲಾರಂ ಬೇಕಿಲ್ಲ.

## ಹಂತ 8: ಎರೆ ಹಾಕುವುದು

ಎರೆಹುಳ ಎಲ್ಲ ಮೀನಿಗೂ ಆಗುತ್ತದೆ. ಗಾಳದ ಮೇಲೆ ಕಾಲುಚೀಲದ ಹಾಗೆ ಏರಿಸಿ, 1–2 ಸೆಂ.ಮೀ. ಬಾಲ ಅಲ್ಲಾಡಲು ಬಿಡಿ. ಪೂರ್ತಿ ಹುಳ ನೇತುಬಿಟ್ಟರೆ ಸಣ್ಣ ಮೀನುಗಳು ಬಾಲ ಕಚ್ಚಿ ಎಳೆದು ತಿಂದು ಹೋಗುತ್ತವೆ.

ರೋಹು, ಗೆಂಡೆಗೆ ಹಿಟ್ಟು. ಎರಡು ಹಿಡಿ ತವುಡು, ಒಂದು ಹಿಡಿ ಪುಡಿ ಮಾಡಿದ ಕಡಲೆಕಾಯಿ ಹಿಂಡಿ, ಅಂಟಿಗೆ ಬೇಕಾದಷ್ಟು ಮೈದಾ. ಮೀನು ಸಾಕುವವರು ಹಾಕುವ ಮೇವೂ ತವುಡು, ಹಿಂಡಿಯೇ. ಹಾಗಾಗಿ ಮರಿ ಬಿಟ್ಟ ಕೆರೆಯ ಮೀನಿಗೆ ಈ ವಾಸನೆ ಗುರುತು ಇರುತ್ತದೆ. ನೀರು ಚಿಮುಕಿಸಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಒಂದು ಉಂಡೆಯನ್ನು ಬಕೆಟ್ಟಿನಲ್ಲಿ ಹಾಕಿ ಗಡಿಯಾರ ನೋಡಿ. 10 ನಿಮಿಷ ಉಳಿಯಬೇಕು. 2 ನಿಮಿಷಕ್ಕೆ ಕರಗಿದರೆ ಮೈದಾ ಸೇರಿಸಿ, ಅರ್ಧ ಗಂಟೆ ಆದರೂ ಕಲ್ಲಿನ ಹಾಗೇ ಇದ್ದರೆ ತವುಡು ಸೇರಿಸಿ. ಮನೆಯಲ್ಲಿ ಮುದ್ದೆ ಉಳಿದಿದ್ದರೆ ಅದನ್ನೇ ತಗೊಂಡು ಹೋಗಿ, ರಾಗಿಯನ್ನು ಬೇಡ ಅನ್ನುವ ಗೆಂಡೆ ಕಡಿಮೆ.

ಗಾಳದ ಮೊನೆಯನ್ನು ಹಿಟ್ಟಿನೊಳಗೆ ಪೂರ್ತಿ ಹುದುಗಿಸಬೇಡಿ. ಮೀನಿಗೆ ಕಾಣುತ್ತದೆ ಅನ್ನುವ ಭಯ ಬೇಡ. ಮೊನೆ ಒಂದು ಅಕ್ಕಿಕಾಳಿನಷ್ಟು ಹೊರಗಿದ್ದರೇ ಅದು ತುಟಿಗೆ ಚುಚ್ಚುವುದು. ಮೊನೆ ಚೂಪಿದೆಯಾ ಅಂತ ಉಗುರಿನ ಮೇಲೆ ಎಳೆದು ನೋಡಿ. ಗೀರು ಬಿದ್ದರೆ ಸರಿ, ಜಾರಿದರೆ ಗಾಳ ಬದಲಿಸಿ.

## ಹಂತ 9: ಬೆಂಡು ಹೇಳುವುದನ್ನು ಕೇಳಿ

ಬೆಂಡು ಟಿಕ್ ಟಿಕ್ ಅಂತ ನಡುಗುತ್ತಿದ್ದರೆ ಸಣ್ಣ ಮೀನು ಕುಕ್ಕುತ್ತಿದೆ. ಕಾಯಿರಿ. ಒಂದೇ ಸಮ ಪಕ್ಕಕ್ಕೆ ಸರಿದರೆ ಅಥವಾ ಮೆಲ್ಲಗೆ ಮುಳುಗಿ ಕಾಣದಾದರೆ ಎತ್ತಿ. ನೆಟ್ಟಗಿದ್ದ ಬೆಂಡು ಇದ್ದಕ್ಕಿದ್ದಂತೆ ಮೇಲೆದ್ದು ಅಡ್ಡ ಮಲಗಿದರೂ ಎತ್ತಿ. ಮೀನು ತಳದ ಎರೆಯನ್ನು ಕಚ್ಚಿ ತಲೆ ಎತ್ತಿದೆ, ಸೀಸದ ಭಾರ ಬೆಂಡಿನ ಮೇಲಿಲ್ಲ. ಇದನ್ನು ಗಾಳಿ ಅಂದುಕೊಂಡು ಸುಮ್ನೆ ಕೂರುವ ಹೊಸಬರು ಬಹಳ.

ಎತ್ತುವುದು ಅಂದರೆ ಚಾಟಿ ಬೀಸುವುದಲ್ಲ. ಮಣಿಕಟ್ಟಿನಿಂದ ಕೋಲಿನ ತುದಿಯನ್ನು ಒಂದೆರಡು ಅಡಿ ಚುರುಕಾಗಿ ಎತ್ತಿದರೆ ಸಾಕು. ಜಿಲೇಬಿಯ ತುಟಿ ತೆಳ್ಳಗಿರುತ್ತದೆ, ಜೋರಾಗಿ ಎಳೆದರೆ ಹರಿದುಹೋಗುತ್ತದೆ. ಸಿಕ್ಕ ಮೇಲೆ ಕೋಲು ಬಾಗಿಯೇ ಇರಲಿ. ಮೀನು ಓಡುವಾಗ ರೀಲು ತಿರುಗಿಸಬೇಡಿ, ದಾರ ಮುರಿ ತಿನ್ನುತ್ತದೆ. ಅದು ನಿಂತಾಗ ಸುತ್ತಿ.

ಬೆಳಗಿನ ಜಾವ ಮೀನುಗಳು ಗುಂಪಾಗಿ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಖುಷಿಪಡಬೇಡಿ. ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಅವು ಉಸಿರಿಗೆ ಒದ್ದಾಡುತ್ತಿವೆ. ಬಿಸಿಲೇರುವ ತನಕ ಏನು ಹಾಕಿದರೂ ಮುಟ್ಟುವುದಿಲ್ಲ.

## ಹಂತ 10: ಕಿತ್ತುಹೋದ ದಾರದ ತುದಿ ನೋಡಿ

ಮೀನು ತಪ್ಪಿಸಿಕೊಂಡಾಗ ಬೈದುಕೊಂಡು ಹೊಸ ಗಾಳ ಕಟ್ಟುವ ಮೊದಲು ಉಳಿದ ತುದಿಯನ್ನು ಬೆಳಕಿಗೆ ಹಿಡಿಯಿರಿ.

ತುದಿ ಹಂದಿ ಬಾಲದ ಹಾಗೆ ಸುರುಳಿಯಾಗಿದ್ದರೆ ಗಂಟು ಬಿಚ್ಚಿಕೊಂಡಿದೆ: ಸುತ್ತು ಕಡಿಮೆ, ಇಲ್ಲವೇ ಬಾಲ ತೀರಾ ಮೋಟು. ತುದಿ ಒರಟಾಗಿ, ಅದರ ಮೇಲಿನ ದಾರವೂ ಬೆಳ್ಳಗೆ ಗೀರು ಬಿದ್ದಿದ್ದರೆ ಕಲ್ಲಿಗೋ ಬೊಡ್ಡೆಗೋ ಉಜ್ಜಿದೆ. ಬೆರಳ ನಡುವೆ ಎಳೆದು, ಒರಟು ಮುಗಿಯುವವರೆಗೆ ಕತ್ತರಿಸಿ ಬಿಸಾಡಿ. ತುದಿ ನುಣುಪಾಗಿ, ನೇರವಾಗಿ ತುಂಡಾಗಿದ್ದರೆ ಡ್ರ್ಯಾಗ್ ಬಿಗಿಯಾಗಿತ್ತು. ಬಾಟಲಿ ಪರೀಕ್ಷೆ ಮತ್ತೆ ಮಾಡಿ. ದಾರ ಸರಿಯಿದ್ದು ಗಾಳ ಬಿಚ್ಚಿ ನೆಟ್ಟಗಾಗಿ ಬಂದರೆ ಅಗ್ಗದ ಗಾಳ, ಅದಕ್ಕೆ ಮದ್ದಿಲ್ಲ.

## ಹಂತ 11: ಬಿಡಿಸುವುದು, ಮತ್ತು ಎಚ್ಚರಿಕೆಗಳು

ಕೈ ಒದ್ದೆ ಮಾಡಿಕೊಂಡು ಮೀನು ಹಿಡಿಯಿರಿ, ಒಣ ಕೈ ಅದರ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ. ಗಾಳ ಹೋದ ದಾರಿಯಲ್ಲೇ ಇಕ್ಕಳದಿಂದ ಹಿಂದಕ್ಕೆ ತೆಗೆಯಿರಿ. ವಾಪಸ್ ಬಿಡುವ ಮೀನು ಗಂಟಲಿನ ತನಕ ನುಂಗಿದ್ದರೆ ಕೆದಕಬೇಡಿ, ದಾರವನ್ನು ಹತ್ತಿರಕ್ಕೆ ಕತ್ತರಿಸಿ ಬಿಡಿ. ಮಳೆಗಾಲದ ಹೊಸ ನೀರಿನಲ್ಲಿ ಹೊಟ್ಟೆ ತುಂಬ ಮೊಟ್ಟೆ ಇರುವ ಮೀನು ಸಿಕ್ಕರೆ ನಾನು ಬಿಟ್ಟುಬಿಡುತ್ತೇನೆ.

ಚೇಳು ಮೀನು ಸಿಕ್ಕರೆ ಬರಿಗೈ ಬೇಡ. ಅದರ ಪಕ್ಕದ ಮುಳ್ಳುಗಳಲ್ಲಿ ವಿಷ ಇದೆ, ಉರಿ ಗಂಟೆಗಟ್ಟಲೆ ಇರುತ್ತದೆ. ದಪ್ಪ ಬಟ್ಟೆಯಲ್ಲಿ ಹಿಡಿಯಿರಿ ಅಥವಾ ದಾರವನ್ನೇ ಕತ್ತರಿಸಿ. ಗಾಳ ನಿಮ್ಮದೇ ಬೆರಳಿಗೆ, ಮೊನೆಯ ಹಿಂದಿರುವ ಹಿಮ್ಮುಳ್ಳಿನ ತನಕ ಹೊಕ್ಕರೆ ಎಳೆಯಬೇಡಿ. ದಾರ ಕತ್ತರಿಸಿ ಆಸ್ಪತ್ರೆಗೆ ಹೋಗಿ, ಧನುರ್ವಾಯು ಚುಚ್ಚುಮದ್ದಿನ ವಿಷಯವನ್ನೂ ಕೇಳಿ.

ಕೋಲು ಎತ್ತುವ ಮೊದಲು ತಲೆಯ ಮೇಲೆ ನೋಡಿ. ಎಷ್ಟೋ ಕೆರೆ ಏರಿಗಳ ಮೇಲೆ ವಿದ್ಯುತ್ ತಂತಿ ಹಾದುಹೋಗಿದೆ, ಕಾರ್ಬನ್ ಕೋಲಿನಲ್ಲಿ ಕರೆಂಟ್ ಹರಿಯುತ್ತದೆ. ಗುಡುಗು ಕೇಳಿದ ತಕ್ಷಣ ಕೋಲು ಮಡಚಿ. ಸಿಕ್ಕಿಕೊಂಡ ಗಾಳ ಬಿಡಿಸಲು ನೀರಿಗೆ ಇಳಿಯಲೇಬೇಡಿ. ಹೂಳು ಎತ್ತಿದ ಗುಂಡಿಗಳು ದಡದಿಂದ ಎರಡೇ ಹೆಜ್ಜೆಯಲ್ಲಿರಬಹುದು, ಮೇಲಿನಿಂದ ಕಾಣುವುದಿಲ್ಲ. ಹತ್ತು ರೂಪಾಯಿ ಗಾಳ ಹೋದರೆ ಹೋಗಲಿ. ಕೋಲನ್ನು ಸಿಕ್ಕಿಕೊಂಡ ಜಾಗಕ್ಕೆ ನೇರ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಹಿಂದಕ್ಕೆ ನಡೆಯಿರಿ. ಲೀಡರ್ ಕಿತ್ತು ಬರುತ್ತದೆ.

ಕತ್ತರಿಸಿದ ದಾರದ ತುಂಡುಗಳನ್ನು ಜೇಬಿಗೆ ಹಾಕಿಕೊಳ್ಳಿ. ಏರಿ ಮೇಲೆ ಬಿಟ್ಟರೆ ಬೆಳ್ಳಕ್ಕಿ ಕಾಲಿಗೆ ಸುತ್ತಿಕೊಳ್ಳುತ್ತವೆ.

ಮನೆಗೆ ಬಂದು ಕಟ್ಟುಗಳನ್ನು ಹಾಗೇ ಡಬ್ಬಿಗೆ ತುರುಕಬೇಡಿ, ನಾಳೆ ಬಿಡಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಹಳೇ ಹವಾಯಿ ಚಪ್ಪಲಿಯನ್ನು ಎರಡು ಬೆರಳು ಅಗಲದ ಪಟ್ಟಿಗಳಾಗಿ ಕತ್ತರಿಸಿಕೊಳ್ಳಿ. ಗಾಳದ ಮೊನೆಯನ್ನು ರಬ್ಬರಿಗೆ ಚುಚ್ಚಿ, ಲೀಡರನ್ನು ಸುತ್ತಿ, ತುದಿಯನ್ನು ಅಂಚಿನ ಸೀಳಿಗೆ ಸಿಕ್ಕಿಸಿ. ಪಟ್ಟಿಯ ಮೇಲೆ ಪೆನ್ನಿನಲ್ಲಿ ಗಾಳದ ನಂಬರ್, ದಾರದ ದಪ್ಪ ಬರೆದಿಡಿ. ಒಂದು ಚಪ್ಪಲಿಗೆ ಏಳೆಂಟು ಲೀಡರ್ ಹಿಡಿಸುತ್ತದೆ.